ಹೊಲಿದಿಟ್ಟ ರಾಣಿಯ ಕಥೆ

ಟಕ್, ಟಕ್ ಅಂತ ದಪ್ಪ ಕಾಗದಕ್ಕೆ ದಬ್ಬಣ ಚುಚ್ಚುವ ಸದ್ದು. ಮಂಗಳೂರಿನ ನಮ್ಮ ಕಾನ್ವೆಂಟಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಸಿಸ್ಟರ್, ವರ್ಷದ ಶುರುವಿನಲ್ಲೇ ನಮಗೆ ಪಠ್ಯವಾಗಿದ್ದ ಕಥೆಪುಸ್ತಕದ ಪ್ರತಿಗಳನ್ನೆಲ್ಲ ಮೇಜಿನ ಮೇಲೆ ಪೇರಿಸಿಕೊಂಡು, ಎಲ್ಲದರಲ್ಲೂ ಅವೇ ಕೆಲವು ಪುಟಗಳನ್ನು ಬಿಳಿ ದಾರದಿಂದ ಹೊಲಿದುಬಿಡುತ್ತಿದ್ದರು. ಮಧ್ಯಯುಗದ ಇಂಗ್ಲಿಷ್ ರಾಜ, ಅವನ ನೈಟ್ ಎಂಬ ಯೋಧರು, ಅವರ ಕುದುರೆ, ಈಟಿ, ಆಣೆ ಪ್ರಮಾಣ ಎಲ್ಲ ಓದಬಹುದು. ರಾಣಿಗೂ ರಾಜನ ನೆಚ್ಚಿನ ನೈಟ್‌ಗೂ ಪ್ರೀತಿ ಹುಟ್ಟುವ ಭಾಗ ಮಾತ್ರ ನಾಟ್ ಫಾರ್ ಯಂಗ್ ಲೇಡೀಸ್. ಅಂಥ ದೊಡ್ಡ ರಾಜ್ಯ ಯಾಕೆ ಮುರಿದುಬಿತ್ತು ಅಂತ ಗೊತ್ತಿಲ್ಲದೆಯೇ ನಾವೆಲ್ಲ ಫಸ್ಟ್ ಕ್ಲಾಸಿನಲ್ಲಿ ಪಾಸಾದೆವು.

ಎಷ್ಟೋ ವರ್ಷಗಳ ಮೇಲೆ, ಕಡಲಾಚೆಯ ಪುಚೊಂಗ್‌ನಲ್ಲಿ, ಮಗಳಿದ್ದ ಕಾಂಡೋ ಅಪಾರ್ಟ್‌ಮೆಂಟಿನ ಸ್ವಿಮ್ಮಿಂಗ್ ಪೂಲ್ ಪಕ್ಕದ ಬೆಂಚಿನಲ್ಲಿ ಕೂತು ಇದನ್ನು ಹೇಳಿದಾಗ ಎದುರು ಮನೆಯ ತಮಿಳು ಅಕ್ಕ ಬಿದ್ದು ಬಿದ್ದು ನಕ್ಕರು. ನನಗಿಂತ ದೊಡ್ಡವರು, ಅಲ್ಲೇ ಹತ್ತಿರದ ಕ್ಲಾಂಗ್‌ನ ಕಾನ್ವೆಂಟಿನಲ್ಲಿ ಓದಿದವರು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ, ನಡುನಡುವೆ ಅವರ ತಮಿಳು, ನನ್ನ ಕನ್ನಡ.

"ನಿಮಗೆ ದಾರ, ತಂಗಚ್ಚಿ. ಅದೇ ಪುಸ್ತಕಕ್ಕೆ ನಮಗೆ ಗಂಜಿ ಅಂಟು ಲಾ! ಬ್ಲೇಡ್ ಹಾಕಿದ್ರೆ ಪುಟವೇ ಹರಿದು ಬಂತು."

"ಬ್ಲೇಡ್ ಹಾಕಿದ್ರಾ ಅಕ್ಕ?"

"ಹಾಕದೆ ಬಿಡ್ತೀನಾ?"

ಲೆಕ್ಚರರ್ ಆಗಿರುವ ನನ್ನ ಮಗಳು ಲೈಬ್ರರಿಯಿಂದ ಆ ಪುಸ್ತಕ ತಂದುಕೊಟ್ಟಳು. ಅಕ್ಕನ ಕಣ್ಣು ಮಂಜಾಗಿತ್ತು. ನಾನು ಓದುವುದು, ಅವರು ಕೇಳುವುದು. ಸಂಜೆ ತಮಿಳು ಮುಸ್ಲಿಮರ ಮಾಮಾಕ್ ಅಂಗಡಿಯಿಂದ ಟೀ, ವಡೆ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡು ಬಂದು, "ರೆಡಿ? ಕಮ್, ಈ ವಯಸ್ಸಿನಲ್ಲಾದ್ರೂ ಪಾಪ ಮಾಡೋಣ" ಅನ್ನುತ್ತಿದ್ದರು. ಅಷ್ಟು ಚೆನ್ನಾಗಿ ಕೇಳುವವರು ನನಗೆ ಆಮೇಲೆ ಸಿಕ್ಕಿಲ್ಲ.

ಆ ಪುಟಗಳೂ ಬಂದವು. ನೈಟ್ ಕಿಟಕಿಯ ಸರಳು ಕಿತ್ತು ರಾಣಿಯ ಕೋಣೆಗೆ ಹೋಗುತ್ತಾನೆ, ಕೈಗೆ ಗಾಯವಾಗುತ್ತದೆ, ಬೆಳಗಾಗುತ್ತದೆ.

"ಇಷ್ಟೇನಾ?" ಅಂದರು ಅಕ್ಕ. "ಇಷ್ಟಕ್ಕೆ ಅಷ್ಟು ಅಂಟಾ?"

ನಕ್ಕೂ ನಕ್ಕೂ ಟೀ ಚೆಲ್ಲಿತು. ಅದನ್ನು ಒರೆಸುತ್ತಾ ತಮ್ಮದೊಂದು ಕಥೆ ಹೇಳಿದರು. ಕ್ಲಾಂಗ್ ಬಂದರಿನ ಆಫೀಸೊಂದರಲ್ಲಿ ಟೈಪಿಸ್ಟ್ ಆಗಿದ್ದಾಗ ಒಬ್ಬ ಇದ್ದನಂತೆ. ಬೇರೆ ಧರ್ಮದವನು. ಅಪ್ಪ ಒಪ್ಪಲಿಲ್ಲ, ಬೇರೆ ಊರಿಗೆ ಮದುವೆ ಮಾಡಿ ಕಳಿಸಿಬಿಟ್ಟರು. "ಒಂದೇ ಒಂದು ಸಲ ನೋಡಬೇಕಿತ್ತು" ಅಂದರು. "ದೂರದಿಂದಾದ್ರೂ."

ಅಂದಿನಿಂದ ಅವರಿಗೆ ಯುದ್ಧವೂ ಬೇಡ, ನೈಟ್‌ಗಳ ಈಟಿ ಕಾಳಗದ ಟೂರ್ನಮೆಂಟೂ ಬೇಡ. ರಾಜ್ಯ ಒಡೆದು ಚೂರಾಗಿ, ರಾಣಿ ಒಂದು ಕಡೆ, ನೈಟ್ ಒಂದು ಕಡೆ ಆದಮೇಲಂತೂ ಒಂದೇ ಪ್ರಶ್ನೆ. "ಸ್ಕಿಪ್, ಸ್ಕಿಪ್. ಅವಳು ಅವನನ್ನ ಮತ್ತೆ ನೋಡ್ತಾಳಾ?"

"ಆರ್ಡರ್ ಪ್ರಕಾರ ಓದಬೇಕು ಅಕ್ಕ."

"ನಿನ್ನ ಆರ್ಡರ್ ಮುಗಿಯೋಷ್ಟರಲ್ಲಿ ನನ್ನನ್ನ ಎತ್ತಿಕೊಂಡು ಹೋಗಿರ್ತಾರೆ ಬಿಡು."

ಕೊನೆಯ ಅಧ್ಯಾಯ ಉಳಿದಿರುವಾಗಲೇ ಅವರ ಮಗನಿಗೆ ದೂರದ ಬಯಾನ್ ಲೆಪಾಸ್‌ಗೆ ವರ್ಗವಾಯಿತು. ಫೋನಿನಲ್ಲಿ ಓದುತ್ತೇನೆ ಅಂದೆ. ಫೋನಿನಲ್ಲಿ ಅವರಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ.

ಹಿಂದಿನ ರಾತ್ರಿ ಕೊನೆಯ ಅಧ್ಯಾಯ ಒಬ್ಬಳೇ ಓದಿ ಮುಗಿಸಿ, ಅವರು ಹೊರಡುವ ದಿನ ಬೆಳಿಗ್ಗೆ ಕೆಳಗೆ ಹೋದೆ. ಅಕ್ಕ ಆಗಲೇ ಕಾರಿನಲ್ಲಿ ಕೂತಿದ್ದರು, ತೊಡೆಯ ಮೇಲೆ ಕರಿಬೇವಿನ ಕುಂಡ. ನನ್ನ ಗುರುತು ಸಿಕ್ಕಿದ್ದೇ ಕಿಟಕಿ ಇಳಿಸಿದರು.

"ಬೇಗ ಹೇಳು. ನೋಡ್ತಾಳಾ?"

"ನೋಡ್ತಾಳೆ ಅಕ್ಕ, ಒಂದೇ ಸಲ. ರಾಜ ಹೋದ ಮೇಲೆ ಅವಳು ಕಾನ್ವೆಂಟ್ ಸೇರಿ ಸಿಸ್ಟರ್ ಆಗಿಬಿಟ್ಟಿರ್ತಾಳೆ. ಇವನು ಹುಡುಕಿಕೊಂಡು ಬರ್ತಾನೆ."

"ಬರ್ತಾನಾ!" ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. "ಆಮೇಲೆ?"

"ಅವಳೇ ವಾಪಸ್ ಹೋಗು ಅಂತಾಳೆ."

ಮಗ ಕಾರು ಸ್ಟಾರ್ಟ್ ಮಾಡಿದ. ಅಕ್ಕ ನನ್ನ ಕೈ ಬಿಟ್ಟರು.

"ಪೆದ್ದಿ" ಅಂದರು. "ಅಷ್ಟು ದೂರದಿಂದ ಬಂದವನಿಗೆ ಒಂದು ಕಾಫಿ ಕೊಟ್ಟಾದ್ರೂ ಕಳಿಸಬಾರದಿತ್ತಾ?"

ಕಾರು ಗಾರ್ಡ್ ಹೌಸ್ ಹತ್ತಿರ ನಿಧಾನವಾಗಿ ಅಡ್ಡ ತಿರುಗಿತು, ಪಕ್ಕದಿಂದ ಅವರ ಮುಖ ಕಂಡಿತು. ಅಕ್ಕ ತಿರುಗಿ ನೋಡಲಿಲ್ಲ. ತುಟಿ ಮಾತ್ರ ಇನ್ನೂ ಅಲುಗುತ್ತಿತ್ತು, ರಾಣಿಯನ್ನು ಬೈಯುತ್ತಲೇ ಇದ್ದರು ಅನ್ನಿಸುತ್ತದೆ. ಗೇಟಿನ ಅಡ್ಡಗೋಲು ಮೇಲೆದ್ದಿತು. ನಾನು ಅವರನ್ನು ನೋಡಿದ್ದು ಅದೇ ಕೊನೆ.