ಸದ್ದು ಮಾಡದ ಕ್ಯಾಬಿನೆಟ್

ಕಂಪ್ಯೂಟರಿನ ಡಬ್ಬವನ್ನು ಎಲ್ಲರಂತೆ ನಾನೂ ಸಿಪಿಯು ಎಂದೇ ಕರೆಯುತ್ತಿದ್ದೆ. ಅದಕ್ಕೆ ಕ್ಯಾಬಿನೆಟ್ ಎಂಬ ಹೆಸರಿದೆ, ಅದೊಂದನ್ನೇ ಬೇರೆಯಾಗಿ ಆರಿಸಿ ಕೊಳ್ಳಬಹುದು ಎಂದು ತಿಳಿದದ್ದು ಅತ್ತೆ ಮಂಚದಿಂದ ಜಾರಿದ ಮೇಲೆ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ನಾಲ್ಕಾರು ವರ್ಷಗಳ ಮಾತು. ನನ್ನ ಗಂಡನಿಗೆ ಹುಬ್ಬಳ್ಳಿಯಿಂದ ವರ್ಗವಾಗಿ ಕೆ.ಆರ್. ಪುರದಲ್ಲಿ ಬಾಡಿಗೆಗಿದ್ದೆವು. ಅವರು ಬೆಳಿಗ್ಗೆ ಎಂಟಕ್ಕೆ ಬಸ್ಸು ಹಿಡಿದರೆ ಮರಳುತ್ತಿದ್ದದ್ದು ದೇವರಿಗೆ ದೀಪ ಹಚ್ಚುವ ಹೊತ್ತಿಗೆ. ಹಗಲೆಲ್ಲ ಮನೆಯಲ್ಲಿ ಅತ್ತೆ ಮತ್ತು ನಾನು, ಇಬ್ಬರೇ. ಅತ್ತೆಗೆ ಲಕ್ವಾ ಹೊಡೆದು ಬಲಭಾಗ ಸೋತಿತ್ತು. ಮಾತು ಉಳಿದಿತ್ತು, ದನಿ ಮಾತ್ರ ಕುಗ್ಗಿತ್ತು. ಹುಬ್ಬಳ್ಳಿಯ ಓಣಿಯಲ್ಲಿ ಅವರು ಈ ತುದಿಯಿಂದ ಕೂಗಿದರೆ ಆ ತುದಿಯಲ್ಲಿ ತರಕಾರಿ ಗಾಡಿ ನಿಲ್ಲುತ್ತಿತ್ತು. ಈಗ ಪಕ್ಕದಲ್ಲಿ ಕುಳಿತವರೂ ಬಗ್ಗಿ ಕೇಳಬೇಕಿತ್ತು. ನಡುಮನೆಯ ಪಡುವಣ ಗೋಡೆಗೆ ಅವರ ಮಂಚ, ಎದುರು ಗೋಡೆಯ ಕಿಟಕಿಯ ಕೆಳಗೆ ನನ್ನ ಮೇಜು. ಪ್ರಕಾಶಕರೊಬ್ಬರು ಕಳಿಸುವ ಕೈಬರಹದ ಪುಟಗಳನ್ನು ಟೈಪು ಮಾಡಿಕೊಡುವುದು ನನ್ನ ಕೆಲಸ.

ಆ ಮಧ್ಯಾಹ್ನ ಡಬ್ಬ ಹಿಟ್ಟಿನ ಗಿರಣಿಯ ಹಾಗೆ ಗುಂಯ್‌ಗುಡುತ್ತಿತ್ತು. ಕಾಲು ಹಿಡಿದುಕೊಂಡಿತೆಂದು ಎದ್ದು ತಿರುಗಿದರೆ ಅತ್ತೆ ಅರ್ಧ ಮಂಚದ ಮೇಲಿದ್ದರು, ಅರ್ಧ ನೆಲದ ಮೇಲೆ. ಎಡಗೈ ನೀರಿನ ತಂಬಿಗೆಯ ಕಡೆ ಚಾಚಿತ್ತು. ಪುಣ್ಯಕ್ಕೆ ಪೆಟ್ಟಾಗಿರಲಿಲ್ಲ. ಎತ್ತಿ ಮಲಗಿಸಿ ನೀರು ಕುಡಿಸಿದ ಮೇಲೆ ಅವರು ಹೇಳಿದ್ದು ಇಷ್ಟೇ: “ಕರದೆ. ಬಾಳ ಸರ್ತಿ ಕರದೆ.”

ಬೈದಿದ್ದರೆ ಬೈಸಿಕೊಂಡು ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ.

ಮೊದಲೇ ನಾನು ಹಗ್ಗ ಕಂಡರೂ ಹಾವೆನ್ನುವವಳು. ಅಂದಿನಿಂದ ಎರಡು ಸಾಲು ಟೈಪು ಮಾಡುವುದು, ತಿರುಗಿ ನೋಡುವುದು. ಒತ್ತಕ್ಷರಗಳೆಲ್ಲ ತಪ್ಪಾಗಿ ಪ್ರಕಾಶಕರು ಎರಡು ಸಲ ಪುಟ ಹಿಂದಿರುಗಿಸಿದರು. ದೇವರ ಮನೆಯ ಗಂಟೆಯನ್ನು ಅತ್ತೆಯ ಎಡಗೈಗೆ ಕೊಟ್ಟು ಬೇಕಾದಾಗ ಬಾರಿಸಿರಿ ಎಂದೆ. ದೇವರನ್ನು ಕರೆಯುವ ಗಂಟೆ ಬಾರಿಸಿ ಮೂತ್ರಕ್ಕೆ ಏಳಿಸು ಎನ್ನಲೇ ಎಂದು ಕೇಳಿದರು. ತಾಟು, ಚಮಚ ಕೊಟ್ಟರೆ ತಾನೇನು ಭಿಕ್ಷೆಗೆ ಕುಳಿತಿಲ್ಲ ಎಂದರು. ಸೋತ ಮೈಯಲ್ಲಿ ಆ ಠೇಂಕಾರವೊಂದು ಸೋತಿರಲಿಲ್ಲ.

ಹಾಗಾದರೆ ಡಬ್ಬದ ಬಾಯಿಯನ್ನೇ ಮುಚ್ಚಿಸೋಣ ಎಂದುಕೊಂಡೆ. ಅತ್ತೆ ಹಿಂದೆ ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ದಪ್ಪನೆಯ ಕೌದಿಯೊಂದಿತ್ತು. ಅದನ್ನು ನಾಲ್ಕು ಮಡಿಕೆ ಮಾಡಿ ಡಬ್ಬಕ್ಕೆ ಸುತ್ತಿದೆ. ಹತ್ತು ನಿಮಿಷ ಸ್ವರ್ಗ. ಆಮೇಲೆ ಸದ್ದು ಮೊದಲಿಗಿಂತ ಜೋರಾಗಿ ಏರುತ್ತಾ ಹೋಯಿತು, ಬಿಸಿಯ ಕಮಟು ಬಂತು, ಪರದೆ ಕಪ್ಪಾಯಿತು. ಉಳಿಸಿಕೊಳ್ಳದೇ ಇದ್ದ ಮೂರು ಪುಟ ಹೋದವು. ಚಳಿಗೆ ಹೊದಿಸುವುದನ್ನು ಜ್ವರ ಬಂದ ಯಂತ್ರಕ್ಕೆ ಹೊದಿಸಿದ್ದೆ.

ಮುಂದಿನ ಶನಿವಾರ ಗಂಡನನ್ನು ಅತ್ತೆಯ ಹತ್ತಿರ ಕೂರಿಸಿ, ಡಬ್ಬವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಶಿವಾಜಿನಗರಕ್ಕೆ ಹೋದೆ. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯೊಂದರಲ್ಲಿ, ಮಹಡಿಯ ಮೇಲೆ, ಕಂಪ್ಯೂಟರ್ ರಿಪೇರಿ ಮಾಡುವ ಹಿರಿಯರೊಬ್ಬರ ಅಂಗಡಿಯಿತ್ತು. ಒಂದು ತೂತೂ ಇಲ್ಲದ, ಪೂರ್ತಿ ಮುಚ್ಚಿದ ಕ್ಯಾಬಿನೆಟ್ ಕೊಡಿ ಎಂದೆ. ಅವರು ಕನ್ನಡಕವನ್ನು ಹಣೆಗೇರಿಸಿ ನನ್ನನ್ನು ನೋಡಿದರು.

“ಮುಚ್ಚಿದ್ರೆ ಒಳಗೇ ಬೆಂದೋಗುತ್ತೆ ಮೇಡಂ. ಬಿಸಿ ಆದಷ್ಟೂ ಫ್ಯಾನ್ ಕಿರುಚುತ್ತೆ. ಸದ್ದು ಬೇಡ ಅಂದ್ರೆ ಗಾಳಿ ಆಡ್ಬೇಕು.”

ಕೌದಿಯ ಸಂಗತಿಯನ್ನು ನಾನು ಬಾಯಿಬಿಡಲಿಲ್ಲ. ಚಿಕ್ಕ ಫ್ಯಾನು ಗಾಳಿ ತಳ್ಳಲು ಹುಚ್ಚು ಹಿಡಿದಂತೆ ಸುತ್ತಬೇಕು, ದೊಡ್ಡದು ನಿಧಾನವಾಗಿ ಸುತ್ತಿದರೂ ಅಷ್ಟೇ ಗಾಳಿ ಕೊಡುತ್ತದೆ ಎಂದು ಎರಡನ್ನೂ ಕೈಗಿಟ್ಟು ತೋರಿಸಿದರು. ಮುಂದೆ ಜಾಲರಿ ಇರಬೇಕು, ಬಿಸಿಗಾಳಿ ಹೊರಹೋಗಲು ಹಿಂದೆ ದಾರಿ ಇರಬೇಕು. ತಗಡು ತೆಳುವಾದರೆ ಫ್ಯಾನಿನ ಜೊತೆ ಅದೂ ನಡುಗುತ್ತದೆ, ಆದ್ದರಿಂದ ಎತ್ತಿ ಭಾರ ನೋಡಬೇಕು. ಬಣ್ಣದ ದೀಪ ಹೊತ್ತುವ ಡಬ್ಬಗಳನ್ನೆಲ್ಲ ಬದಿಗೆ ಸರಿಸಿ, ಕಪ್ಪು ಟ್ರಂಕಿನಂಥ ಒಂದನ್ನು ಎಳೆದು ತಂದರು. ಎತ್ತಲು ಹೋದವಳು ಅಲ್ಲೇ ಕೂತೆ.

ನಮ್ಮ ಯಂತ್ರದ ಒಳಗಿನದನ್ನೆಲ್ಲ ಅದಕ್ಕೆ ಕೂಡಿಸಿ ಗುಂಡಿ ಒತ್ತಿದರು. ಸದ್ದಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಕೆಳಗೆ ಹಣ್ಣಿನವರ ಕೂಗು, ಆಟೋಗಳ ಹಾರ್ನು. ಕಿಟಕಿ ಹಾಕಿ ಎಂದೆ. ಮೇಲಿನ ಫ್ಯಾನು ಆರಿಸಿ ಎಂದೆ. ಕೊನೆಗೆ ಅವರು ಬೇಸರಿಸದೆ ಯಂತ್ರವನ್ನು ಹಿಂದಿನ ಸಾಮಾನಿನ ಕೋಣೆಗೆ ಒಯ್ದು ಬಾಗಿಲು ಸರಿಸಿದರು. ಮನೆಯಲ್ಲಿ ಮೇಜಿನಿಂದ ಮಂಚಕ್ಕೆ ಆರು ಹೆಜ್ಜೆ, ಅಳೆದೇ ಬಂದಿದ್ದೆ. ನಾನು ಯಂತ್ರದ ಪಕ್ಕ ಕುಳಿತು, ಆರು ಹೆಜ್ಜೆ ದೂರ ಹೋಗಿ ನೀರು ಕೇಳಿ ಎಂದು ಅವರಿಗೆ ಹೇಳಿದೆ, ಗಟ್ಟಿಯಾಗಿ ಅಲ್ಲ, ಕಾಯಿಲೆಯವರ ಹಾಗೆ ಎಂದೂ ಸೇರಿಸಿದೆ. ಯಾರಿಗೆ ಕಾಯಿಲೆ ಎಂದು ಕೇಳಿದರು. ಹೇಳಿದೆ. ಅವರು ಪೆಟ್ಟಿಗೆಗಳ ನಡುವೆ ಗೋಡೆಗೊರಗಿ ಕಣ್ಣು ಮುಚ್ಚಿದರು.

“ಬೇಟಾ, ಪಾನಿ.”

ಕೇಳಿಸಿತು. ಅದು ಅವರ ಮನೆಯಲ್ಲಿ ಯಾರೋ ಕೇಳಿದ್ದ ನೀರಿರಬೇಕು. ಆ ಕ್ಯಾಬಿನೆಟ್ಟನ್ನೇ ಕೊಡಿ ಎಂದೆ.

ಮನೆಗೆ ತಂದು ಹಚ್ಚಿದರೆ ನಡುಮನೆ ನಿಶ್ಶಬ್ದ. ಗೋಡೆ ಗಡಿಯಾರ ಇಷ್ಟು ಸದ್ದು ಮಾಡುತ್ತದೆಂದೇ ಗೊತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಅತ್ತೆಯ ಮೊದಲ ಕೂಗು ಸ್ಪಷ್ಟವಾಗಿ ಕೇಳಿ ಕಣ್ಣಲ್ಲಿ ನೀರು ಬಂತು. ಓಡಿದೆ. ಏನು ಬೇಕು ಎಂದರೆ ಏನಿಲ್ಲ ಎಂದರು. ಐದು ನಿಮಿಷಕ್ಕೆ ಮತ್ತೆ ಕೂಗು. ಮತ್ತೆ ಏನಿಲ್ಲ. ಮಂಗಳವಾರವೂ ಹಾಗೇ, ಬುಧವಾರ ಇನ್ನೂ ಹೆಚ್ಚು. ಇದು ಎರಡನೆಯ ಲಕ್ವಾದ ಮುನ್ಸೂಚನೆಯೋ, ಬುದ್ಧಿಗೇ ಮಂಕು ಕವಿಯುತ್ತಿದೆಯೋ ಎಂದು ಹೆದರಿದೆ. ಹೆದರಿಕೆ ಹೆಚ್ಚಾದಾಗ ನನಗೆ ಬರುವುದು ಸಿಟ್ಟು.

“ಏನೂ ಬ್ಯಾಡಂದ್ರ ಯಾಕ ಕರೀತೀರಿ ಅತ್ತಿ?” ಎಂದು ಗದರಿದೆ.

ಅವರು ತಿರುಗಲಿಲ್ಲ, ತಿರುಗಲು ಆಗುತ್ತಲೂ ಇರಲಿಲ್ಲ. ಗೋಡೆಗೇ ಹೇಳಿದರು: “ನೀ ಅದಿಯೋ ಇಲ್ಲೋ ಅಂತ. ಮೊದಲ ಆ ಡಬ್ಬಿ ಸಪ್ಪಳ ಇತ್ತು. ನೀ ಕುಂತೀದಿ ಅಂತ ಗೊತ್ತಾಗ್ತಿತ್ತು.”

ಮಂಚದ ಅಂಚಿನಲ್ಲಿ ಕುಳಿತುಬಿಟ್ಟೆ. ಬಲಭುಜದ ನೋವಿಗೆ ಅವರು ಆ ಮಗ್ಗುಲಿಗೆ ಮಲಗುವಂತಿರಲಿಲ್ಲ. ಅಂಗಾತ ಮಲಗಿದರೆ ತೊಲೆ, ಎಡಕ್ಕೆ ಮಲಗಿದರೆ ಗೋಡೆ. ಉತ್ತರಕ್ಕೆ ತಲೆ ಹಾಕಬಾರದಲ್ಲ, ಆದ್ದರಿಂದ ದಿಂಬು ದಕ್ಷಿಣಕ್ಕಿತ್ತು. ನಾನಿದ್ದ ಕಡೆಗೆ ಅವರ ಬೆನ್ನು. ಕೀಲಿಮಣೆಯ ಟಕಟಕ ಅವರ ಮಂದ ಕಿವಿಗೆ ಮುಟ್ಟುತ್ತಿರಲಿಲ್ಲ. ಅವರ ಕೂಗು ನನಗೆ ಕೇಳಬೇಕೆಂದು ಇಡೀ ಶಿವಾಜಿನಗರವನ್ನು ಸುಮ್ಮನಾಗಿಸಲು ಹೊರಟಿದ್ದೆ. ಅವರಿಗೆ ಏನು ಕೇಳಬೇಕು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ನಾಚಿಕೆಯಾಯಿತು.

ಹಳೆಯ ಡಬ್ಬವನ್ನೇ ತಂದುಬಿಡುತ್ತೇನೆ ಎಂದೆ. ಅವರು ಬೇಡ ಎಂದರು. ದಿಂಬನ್ನು ಕಾಲ ಕಡೆಗೆ ಹಾಕಲು ಹೇಳಿದರು.

ರೈಲಿನ ಬರ್ತಿನಲ್ಲೂ ದಿಕ್ಕು ವಿಚಾರಿಸಿ ಮಲಗುತ್ತಿದ್ದ ಹೆಂಗಸು ಅವರು. ಆ ಮಾತನ್ನು ಅವರ ಬಾಯಲ್ಲಿ ಕೇಳುವುದೇ ಅಪಶಕುನದಂತಿತ್ತು. ಆಗುವುದಿಲ್ಲ, ಇವರು ಬರಲಿ, ಕೇಳೋಣ ಎಂದೆ.

“ಅಂವ ಒಪ್ಪಂಗಿಲ್ಲ. ಸಾಯೂದು ದಿಕ್ಕಿನಾಗ ಇರೂದಿಲ್ಲವಾ. ಗ್ವಾಡಿ ನೋಡಕೋತ ಬದುಕೂದು ಆಗವಲ್ದು.”

ಮಗ ಬರುವ ಮೊದಲು ದಿಂಬು ಮತ್ತೆ ದಕ್ಷಿಣಕ್ಕೆ ಬರಬೇಕು ಎಂಬ ಒಪ್ಪಂದದ ಮೇಲೆ, ಕಂಕುಳಿಗೆ ಕೈಕೊಟ್ಟು ಎಬ್ಬಿಸಿ, ಕಾಲುಗಳನ್ನು ಸುತ್ತಿ ತಂದು, ಉತ್ತರಕ್ಕೆ ತಲೆ ಮಾಡಿ ಎಡಮಗ್ಗುಲಿಗೆ ಮಲಗಿಸಿದೆ. ಈಗ ಅವರ ಮುಖ ನೇರ ನನ್ನ ಮೇಜಿನ ಕಡೆಗಿತ್ತು.

ಆಮೇಲೆ ಅವರು ಕರೆಯಲೇ ಇಲ್ಲ. ಅರ್ಧ ಗಂಟೆ, ಮುಕ್ಕಾಲು ಗಂಟೆ. ಯಂತ್ರಕ್ಕೂ ಸದ್ದಿಲ್ಲ, ಅವರಿಗೂ ಇಲ್ಲ. ಕಣ್ಣು ಮುಚ್ಚಿದ್ದರು. ನನ್ನಿಂದ ಕೂರಲಾಗಲಿಲ್ಲ. ಎದ್ದು ಹೋಗಿ ಮೂಗಿನ ಬಳಿ ಬೆರಳು ಹಿಡಿದೆ. ಉಸಿರಿತ್ತು. ಬಂದು ಒಂದು ಪುಟ ಮುಗಿಸಿ ಮತ್ತೆ ಎದ್ದೆ, ಮತ್ತೆ ಬೆರಳು ಹಿಡಿದೆ. ಮೂರನೆಯ ಸಲ ಬಗ್ಗಿದಾಗ ಅವರು ಕಣ್ಣು ಬಿಟ್ಟು ನನ್ನ ಬೆರಳನ್ನೂ ನನ್ನನ್ನೂ ನೋಡಿದರು.

“ಕೆಲಸಾ ಮಾಡವಾ,” ಎಂದರು. “ನಾ ಅದೀನಿ.”