ಅಳಿವೆ ಅಡ್ಡಿಲ್ಲ

ವೆಬ್ಬಿನ ಭವಿಷ್ಯದ ಬಗ್ಗೆ ಮೈಕು ಹಿಡಿದು ಮಾತಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಈಚೆಗೆ ಕುಂದಾಪುರದ ಒಂದು ಸಭಾಂಗಣದಲ್ಲಿ ಅಂಥ ಒಬ್ಬರ ಭಾಷಣ ಕೇಳಿದೆ. ಇನ್ನು ಮುಂದೆ ಯಾರೂ ಯಾವ ಪುಟವನ್ನೂ ತೆರೆಯಬೇಕಾಗಿಲ್ಲವಂತೆ, ಎಲ್ಲವನ್ನೂ ಓದಿಕೊಂಡ ಯಂತ್ರವೇ ಉತ್ತರ ಹೇಳುತ್ತದಂತೆ. ಜನ ಚಪ್ಪಾಳೆ ತಟ್ಟಿದರು. ನಾನು ಕೈ ಕಟ್ಟಿಕೊಂಡು ಕೂತಿದ್ದೆ. ಕೆಲವು ತಿಂಗಳ ಹಿಂದಷ್ಟೇ ಆ ಯಂತ್ರದ ಉತ್ತರ ನಂಬಿ ನನ್ನ ಭಾವ ಸಾಯುವುದರಲ್ಲಿದ್ದರು.

ನನ್ನ ಹೊಟ್ಟೆಪಾಡು ಒಂದು ಕಂಪನಿಯ ಸಾಫ್ಟ್‌ವೇರ್ ಕೆಲಸ. ಕೋಟೇಶ್ವರದ ಮನೆಯಲ್ಲಿ ಕೂತೇ ಮಾಡುತ್ತೇನೆ. ಉಳಿದ ಹೊತ್ತಿನಲ್ಲಿ ಓಪನ್ ಸೋರ್ಸ್, ಅಂದರೆ ಬರೆದ ಕೋಡನ್ನು ಬೀಗ ಹಾಕದೆ ಊರಿಗೆಲ್ಲ ಬಿಟ್ಟುಕೊಡುವ ಹುಚ್ಚು. ಆ ಹುಚ್ಚಿನಲ್ಲೇ ಗಂಗೊಳ್ಳಿ ಅಳಿವೆಗೆ ಒಂದು ಪುಟ ಮಾಡಿದ್ದೆ. ಅಳಿವೆ ಎಂದರೆ ಹೊಳೆ ಕಡಲಿಗೆ ಸೇರುವ ಬಾಯಿ. ಅಲ್ಲಿ ಮರಳಿನ ದಿಬ್ಬ ದಿನಕ್ಕೊಂದು ಕಡೆ ಸರಿಯುತ್ತದೆ. ಸಣ್ಣ ದೋಣಿಗಳು ಹೆಚ್ಚಾಗಿ ಮಗುಚುವುದು ಅಲ್ಲೇ. ಬೆಳಿಗ್ಗೆ ಅಳಿವೆ ನೋಡಿದವರು ಫೋನಿನಲ್ಲಿ ಒಂದು ಮಾತು ಹಾಕುವುದು, ಉಳಿದವರು ಓದುವುದು, ಅಷ್ಟೇ ಆ ಪುಟದ ಕೆಲಸ. ಎಲ್ಲೋ ದೂರದ ಕರಾವಳಿಯ, ನಾನು ಮುಖ ಕಾಣದ ಒಬ್ಬ, ಸಿಗ್ನಲ್ ಸರಿಯಿಲ್ಲದ ಕಡೆಯಲ್ಲೂ ಅದು ತೆರೆಯುವ ಹಾಗೆ ತಿದ್ದಿಕೊಟ್ಟ. ಯಾರೂ ಅವನನ್ನು ಕೇಳಿರಲಿಲ್ಲ. ಈ ಕೆಲಸದ ಮೇಲೆ ನನಗಿನ್ನೂ ಚೂರು ಪ್ರೀತಿ ಉಳಿದಿದ್ದರೆ ಅದು ಅಂಥವರಿಂದ.

ನಮ್ಮ ಕಡಲ ಬದಿಯಲ್ಲಿ ಒಂದು ಪದ್ಧತಿಯಿದೆ. ದೋಣಿ ಇಳಿಸುವ ಹೊತ್ತಿನಲ್ಲಿ ಕಡಲಿನ ಬಗ್ಗೆ ಕೆಟ್ಟ ಮಾತು ಆಡಬಾರದು. ಅಳಿವೆ ಚೆನ್ನಾಗಿದ್ದರೆ 'ಅಡ್ಡಿಲ್ಲ' ಎನ್ನುತ್ತಾರೆ. ಹಾಳಾಗಿದ್ದರೆ ಏನೂ ಅನ್ನುವುದಿಲ್ಲ, ತುಟಿ ಹೊಲಿದುಕೊಂಡವರ ಹಾಗೆ ಬಲೆ ಸರಿಮಾಡುತ್ತ ಕೂರುತ್ತಾರೆ. ಪುಟದಲ್ಲೂ ಹಾಗೇ ಆಯಿತು. ಒಳ್ಳೆಯ ದಿನಗಳಲ್ಲಿ ಸಾಲುಸಾಲು 'ಅಡ್ಡಿಲ್ಲ'. ಕೆಟ್ಟ ದಿನಗಳಲ್ಲಿ ಖಾಲಿ. ಖಾಲಿ ಕಂಡರೆ ಯಾರೂ ಹೋಗುತ್ತಿರಲಿಲ್ಲ. ಕೆಟ್ಟ ಅಳಿವೆಗೆಂದು ಒಂದು ಕೆಂಪು ಬಟನ್ನೂ ಇಟ್ಟಿದ್ದೆ. ಅದನ್ನು ಒತ್ತಿದವರೇ ಇಲ್ಲ. "ಬೆಳಿಗ್ಗೆ ಬೆಳಿಗ್ಗೆ ಅದನ್ ಒತ್ತೂಕಾತ್ತಾ ಮಾರಾಯ?" ಎಂದು ನನ್ನನ್ನೇ ಬೈದರು.

ಹೀಗಿರುವಾಗ ದೊಡ್ಡ ಕಂಪನಿಗಳ ಬಾಟ್‌ಗಳು ಬಂದವು. ತಮ್ಮ ಯಂತ್ರಕ್ಕೆ ಓದಿಸಲೆಂದು ಕಂಡಕಂಡ ಪುಟಗಳನ್ನು ಬಾಚಿಕೊಂಡು ಹೋಗುವ ಪ್ರೋಗ್ರಾಮುಗಳು ಇವು. ಒಳಗೆ ಬರಬೇಡಿ ಎಂದು ಬಾಗಿಲಲ್ಲೇ ಬರೆದಿಟ್ಟಿದ್ದೆ. ನಾಚಿಕೆಯಿಲ್ಲದೆ ದಾಟಿಕೊಂಡು ಬಂದವು. ಪಾಪದ ನನ್ನ ಸರ್ವರ್ ಏದುಸಿರು ಬಿಟ್ಟು ಮಲಗಿತು; ಹೇಗೋ ಮತ್ತೆ ಎಬ್ಬಿಸಿದೆ. ಅದೇ ದಿನಗಳಲ್ಲಿ, ನನ್ನ ಇನ್ನೊಂದು ಕೋಡನ್ನು ಬಿಟ್ಟಿ ಬಳಸುತ್ತಿದ್ದ ಕಂಪನಿಯವನೊಬ್ಬ 'ಇವತ್ತೇ ಸರಿ ಮಾಡಿಕೊಡಿ, ನಮ್ಮ ಗ್ರಾಹಕರು ಕಾಯುತ್ತಿದ್ದಾರೆ' ಎಂದು ಬರೆದ. ಕರೆಯದೆ ಊಟಕ್ಕೆ ಬಂದವನು ಸಾರಿಗೆ ಉಪ್ಪು ಕಮ್ಮಿ ಎಂದ ಹಾಗಿತ್ತು.

ಭಾವ, ಅಂದರೆ ಅಕ್ಕನ ಗಂಡ, ಕಡಲು ಕಾಣದ ಒಳನಾಡಿನ ವಂಡ್ಸೆ ಕಡೆಯವರು. ಮುಂಬೈಯ ಕ್ಯಾಂಟೀನುಗಳಲ್ಲಿ ದುಡಿದು ದಣಿದು ಬಂದು, ನಮ್ಮ ಮನೆಯವರ ಹಾಗೆ ಮೀನಿಗೆ ಹೋಗುತ್ತೇನೆಂದು ಒಂದು ಸಣ್ಣ ದೋಣಿ ತೆಗೆದುಕೊಂಡರು. ದಿನಾ ಜೊತೆಗೆ ಹೋಗುವ ಹಿರಿಯರೊಬ್ಬರು ಒಂದು ದಿನ ಬ್ರಹ್ಮಾವರಕ್ಕೆ ಮದುವೆಗೆ ಹೋಗಿದ್ದರು. ಪುಟ ಖಾಲಿ. ಖಾಲಿ ಪುಟದ ಅರ್ಥ ಗೊತ್ತಿಲ್ಲದ ಭಾವ ಫೋನಿನ ಚಾಟ್‌ಬಾಟನ್ನು ಕೇಳಿದರು. ಅದು ನನ್ನ ಪುಟದಿಂದ ಬಾಚಿದ 'ಅಡ್ಡಿಲ್ಲ'ಗಳನ್ನೆಲ್ಲ ಅರೆದು, ಈ ಅಳಿವೆ ಸಣ್ಣ ದೋಣಿಗಳಿಗೆ ಸುರಕ್ಷಿತ, ಶುಭವಾಗಲಿ ಎಂದಿತು. ದಡದಲ್ಲಿ ಇಬ್ಬರು ಕೂತಿದ್ದರು. ಭಾವ ದೋಣಿ ತಳ್ಳುವುದನ್ನು ಕಂಡು ಬೆನ್ನು ತಿರುಗಿಸಿದರು. ನಮ್ಮವರ ಲೆಕ್ಕದಲ್ಲಿ ಅದು ಕೂಗಿ ತಡೆದದ್ದಕ್ಕೆ ಸಮ. ಭಾವನಿಗೆ ಅದು ತಿಳಿಯಲಿಲ್ಲ.

ದಿಬ್ಬದ ಮೇಲೆ ಅಲೆ ಒಡೆದು ದೋಣಿ ಮಗುಚಿತು. ಬೆನ್ನು ತಿರುಗಿಸಿದ್ದ ಅವರಿಬ್ಬರೇ ಪ್ರಾಣದ ಹಂಗು ತೊರೆದು ನೀರಿಗಿಳಿದು ಭಾವನನ್ನು ಎಳೆದು ತಂದರು. ಭುಜದ ಮೂಳೆ ಮುರಿದಿತ್ತು. "ಫೋನಂಗೆ ಅಡ್ಡಿಲ್ಲ ಅಂದಿತ್ ಕಾಣ್ ಮಾರಾಯ" ಎಂದರು ಭಾವ, ಆಸ್ಪತ್ರೆಯ ಮಂಚದಲ್ಲಿ ಮಲಗಿಕೊಂಡು, ಫೋನಿನ ಪರ ವಕಾಲತ್ತು ಹಾಕುವವರ ಹಾಗೆ.

ಆ ಚಾಟ್‌ಬಾಟಿನ ಕಂಪನಿಗೆ ಬರೆದೆ. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂಬ ಉತ್ತರ ಕಣ್ಣು ಮಿಟುಕಿಸುವುದರೊಳಗೆ ಬಂತು. ಅದನ್ನೂ ಯಂತ್ರವೇ ಬರೆದಿತ್ತು. ಸಿಟ್ಟಿನಲ್ಲಿ ಪುಟವನ್ನೇ ಅಳಿಸಿ ಹಾಕಿದೆ. ಯಂತ್ರ ಆಗಲೇ ನುಂಗಿದ್ದನ್ನು ಕಕ್ಕಿಸುವುದು ನನ್ನ ಕೈಯಲ್ಲಿ ಆಗಲಿಲ್ಲ. ಕುಂದಾಪುರದ ಆ ಸಭಾಂಗಣದಲ್ಲಿ ಚಪ್ಪಾಳೆ ನಿಂತ ಮೇಲೆ ನಾನು ಎದ್ದು ನಿಂತು ಇದನ್ನೆಲ್ಲ ಹೇಳಿದಾಗ, ಭಾಷಣಕಾರರು ಮುಗುಳ್ನಕ್ಕು, ಇನ್ನಷ್ಟು ಡೇಟಾ ಸಿಕ್ಕರೆ ಎಲ್ಲ ಸರಿಹೋಗುತ್ತದೆ ಎಂದರು. ಜನ ಯಾಕೆ ಬಾಯಿ ಮುಚ್ಚಿಕೊಳ್ಳುತ್ತಾರೆ ಎಂದು ಒಂದು ಮಾತು ಕೇಳುವ ಕುತೂಹಲವೂ ಆ ಮಹಾಶಯರಿಗೆ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಅಳಿವೆಯ ಈಚೆ ಬದಿಯ ಊರಾದ ಕೋಡಿಯ ದಡಕ್ಕೆ ಹೋದೆ. ಭುಜ ಕೂಡಿ, ಭಾವ ಮತ್ತೆ ಕಡಲಿಗೆ ಹೊರಡುವ ಮೊದಲ ದಿನ. ಅಕ್ಕನೂ ಬಂದಿದ್ದಳು. ಯಾರೂ ದೋಣಿ ಇಳಿಸಿರಲಿಲ್ಲ. ಜೊತೆಗಾರ ಹಿರಿಯರು ಬೀಡಿ ಹಚ್ಚಿಕೊಂಡು ಕೂತಿದ್ದರು; ತಡೆಯಲೂ ಇಲ್ಲ, ಏಳಲೂ ಇಲ್ಲ. ಖಾಲಿಯಾಗಿ ಕಾಣಲು ಈಗ ನನ್ನ ಪುಟವೂ ಇರಲಿಲ್ಲ. ಭಾವ ಫೋನು ಎತ್ತಿ ತೋರಿಸಿದರು. "ಅಡ್ಡಿಲ್ಲ ಅಂಬುದ್ ಕಾಣ್. ಒಂದ್ ಸಲ ತಪ್ಪಿತ್ ಅಂದ್ಕಂಡ್ ದಿನಾ ತಪ್ಪತ್ತಾ?" ಎಂದು ದೋಣಿ ತಳ್ಳಿ ಹತ್ತಿ ಎಂಜಿನ್ ಎಳೆದೇಬಿಟ್ಟರು. ದಡದ ಜನ ಒಬ್ಬೊಬ್ಬರಾಗಿ ಬೆನ್ನು ತಿರುಗಿಸಿದರು. ಹಿಂದಿನ ದಿನ ಸಭೆಯಲ್ಲಿ ಅಷ್ಟು ಹಾರಾಡಿದ ನನ್ನ ನಾಲಿಗೆಯೂ ಏಳಲಿಲ್ಲ.

ಅಕ್ಕ ಸೊಂಟದವರೆಗೆ ನೀರಿಗಿಳಿದು ಕೂಗಿದಳು.

"ಹ್ವಾಯ್! ಹೋಯ್ಬೇಡಿ! ಅಳಿವೆ ಪೂರಾ ಹಾಳಾಯ್ತ್! ಹೋದ್ರೆ ಸಾಯ್ತ್ರಿ!"

ದಡವೆಲ್ಲ ಬೆಚ್ಚಿಬಿತ್ತು. ಹಿರಿಯರು ಬೀಡಿ ಎಸೆದು ಎದ್ದು ಅಕ್ಕನನ್ನು ಗದರಿದರು. "ಈ ಹೊತ್ತಿಗೆ ಅದೆಂತ ಮಾತ್ ಹೆಣೆ?"

"ನೀವ್ ಬಾಯಿ ಬಿಟ್ಟಿದ್ರೆ ನಾನ್ ಎಂತಕ್ ಕೂಗ್ತಿದ್ದೆ?" ಎಂದಳು ಅಕ್ಕ, ತಿರುಗಿಯೂ ನೋಡದೆ.

ಭಾವ ಎಂಜಿನ್ ನಿಲ್ಲಿಸಿ, ದೋಣಿಯಿಂದ ಇಳಿದು, ಅಕ್ಕನ ಹತ್ತಿರ ಬಂದು ನಿಂತರು.