ಆಯಿಯ ಒಡಪಿಗೆ ಬೇಕಾದ ಲ್ಯಾಪ್‌ಟಾಪ್

ಇಂಡಿಯಲ್ಲಿ ನನ್ನ ಗಂಡನ ಮನೆಯವರದು ಫೋಟೊ ಸ್ಟುಡಿಯೊ. ಗಲ್ಲೆಯ ಮೇಲೆ ಕೂಡುವವರು ಭಾವನವರು, ಅಂದರೆ ನಮ್ಮವರ ಅಣ್ಣ. ವಿಡಿಯೊ ಕ್ಯಾಮೆರಾ ಹೆಗಲಿಗೇರಿಸಿ ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಅಂತ ಮದುವೆಯಿಂದ ಮದುವೆಗೆ ತಿರುಗುವವರು ನಮ್ಮವರು. ಮನೆಯಲ್ಲಿ ಕೂತು ಫೋಟೊ ಆರಿಸಿ ಆಲ್ಬಮ್ ಹೊಂದಿಸುವವಳು ನಾನು. ಮದುವೆಗೆ ಮುಂಚೆ ಬಾಗೇವಾಡಿಯಲ್ಲಿ ಮೂರು ತಿಂಗಳ ಕಂಪ್ಯೂಟರ್ ಕೋರ್ಸು ಮುಗಿಸಿದ್ದೆ. ಅದಕ್ಕೇ ಆ ಕೆಲಸ ನನ್ನ ಪಾಲಿಗೆ ಬಂದಿತ್ತು.

ವಿಡಿಯೊ ಮಾತ್ರ ನಮ್ಮ ಕೈಯಲ್ಲಿ ಇರಲಿಲ್ಲ. ತುಂಬಿದ ಕ್ಯಾಸೆಟ್ಟುಗಳನ್ನು ಝಳಕಿಗೆ ಒಯ್ದು ಸೊಲ್ಲಾಪುರದ ಬಸ್ಸಿಗೆ ಹಾಕಬೇಕು. ಅಲ್ಲಿಯ ಮಿಕ್ಸಿಂಗ್ ಅಂಗಡಿಯವರು ಬೇಡದ್ದನ್ನು ಕತ್ತರಿಸಿ, ಬೇಕಾದದ್ದನ್ನು ಜೋಡಿಸಿ, ಮೇಲೆ ಸಿನಿಮಾ ಹಾಡು ಹಚ್ಚಿ, ಸಿಡಿ ಮಾಡಿ ಕಳಿಸುತ್ತಿದ್ದರು. ಯಾವುದು ಬೇಕು, ಯಾವುದು ಬೇಡ ಅನ್ನುವುದು ಅವರ ಮರ್ಜಿ. ಗುಲಾಬಿ ಹೂವಿನೊಳಗಿಂದ ಮದುಮಗಳು ಹೊರಗೆ ಬರಬೇಕು, ತಾಜಮಹಲಿನ ಮುಂದೆ ಮದುಮಗ ತೇಲಬೇಕು. ಮುದುಕಿಯರ ಮಾತು ಯಾರಿಗೆ ಬೇಕು?

ಅದು ಹಾಗೇ ನಡೆದುಕೊಂಡು ಹೋಗುತ್ತಿತ್ತು, ನನ್ನ ಆಯಿಯ ಒಡಪು ಅದರೊಳಗೆ ಸಿಕ್ಕಿಹಾಕಿಕೊಳ್ಳದೆ ಇದ್ದಿದ್ದರೆ.

ಆಯಿ ಎಂದರೆ ನನ್ನ ಅಪ್ಪನ ತಾಯಿ. ಗೊಳಸಂಗಿಯ ಮನೆಯಲ್ಲಿ ರೊಟ್ಟಿ ಬಡಿಯುತ್ತ ಬಡಿಯುತ್ತ ನನಗೆ ಮಾತು ಕಲಿಸಿದವಳು ಅವಳೇ. ನಾನು ಸಾಲಿಯಲ್ಲಿ ಕಲಿತ ಕನ್ನಡವನ್ನು ಕೇಳಿ, "ಇದು ಅರಿವಿಗೆ ಹಾಕಿದ ಗಂಜಿ ಆತು, ಅರಿವಿ ಎಲ್ಲೈತಿ?" ಎಂದು ನಗುತ್ತಿದ್ದಳು. ಅರಿವಿ ಅಂದರೆ ಬಟ್ಟೆ.

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ನಾನೂ ಈ ಬರಹದಲ್ಲಿ ಹೇಳಿಲ್ಲ, ನೋಡಿರಬಹುದು. ಆದರೆ ಹೊಸ ಸೊಸೆ ಮನೆ ತುಂಬುವಾಗ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲ. ಆಗ ಪ್ರಾಸದ ಎರಡು ಸಾಲು ಕಟ್ಟಿ, ಹೆಸರನ್ನು ಅದರೊಳಗೆ ಕೂಡಿಸಿ ಹೇಳಬೇಕು. ಅದೇ ಒಡಪು. ಸೊಸೆಯದು ಮುಗಿದ ಮೇಲೆ ಉಳಿದವರನ್ನು ಒಬ್ಬೊಬ್ಬರನ್ನಾಗಿ ಹಿಡಿದು ಹೇಳಿಸುತ್ತಾರೆ, ನಗೆಯೋ ನಗೆ. ಗಂಡ ಇಲ್ಲದವರನ್ನು ಮಾತ್ರ ಯಾರೂ ಕೇಳುವುದಿಲ್ಲ. ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಬೇಕು.

ಚಿಕ್ಕಪ್ಪನ ಮಗನ ಮದುವೆಯಲ್ಲಿ ಆಯಿ ಹಾಗೆ ನಿಂತಿದ್ದಳು. ಅಜ್ಜ ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಗಿತ್ತು. ಎಲ್ಲರ ಸರದಿ ಮುಗಿಯಿತು ಅನ್ನುವಾಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದಳು.

"ಸರೀರಿ ಅತ್ತಾಗ, ನಂದೊಂದು ಉಳದೈತಿ."

ಹೊಸ್ತಿಲ ಮುಂದೆ ನಿಂತು, ಅಂಗಳದಾಚೆಗೂ ಕೇಳುವ ಹಾಗೆ ಹೇಳಿದಳು:

"ಕೈಯಾಗ ಇಲ್ಲದಿದ್ರ ಏನಾತು ಬಳಿ,
ಇಂಥವರ ಹೆಸರು ಹೇಳ್ತೇನಿ, ಇದ್ದವರೆಲ್ಲಾ ಕೇಳಿ."

'ಇಂಥವರ' ಎಂದು ನಾನು ಬರೆದ ಜಾಗದಲ್ಲಿ ಅವಳು ಅಜ್ಜನ ಪೂರಾ ಹೆಸರು ಹೇಳಿದಳು. ಆ ಹೆಸರನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಬಾಗಿಲಲ್ಲಿದ್ದ ನಗೆ ನಿಂತುಹೋಯಿತು. ಚಿಕ್ಕಮ್ಮ ಆರತಿ ತಟ್ಟೆ ಹಿಡಿದವಳು ಹಿಡಿದಂತೆಯೇ ಉಳಿದಳು. ನಮ್ಮವರ ಕ್ಯಾಮೆರಾ ಒಂದು ನಿಲ್ಲಲಿಲ್ಲ.

ತಿಂಗಳಾದ ಮೇಲೆ ಸಿಡಿ ಬಂತು. ಗೊಳಸಂಗಿಯ ಪಡಸಾಲೆಯಲ್ಲಿ ಎಲ್ಲರೂ ಟಿವಿಯ ಮುಂದೆ ಕೂತೆವು. ಆಯಿ ಎಂದೂ ಮುಂದೆ ಬಾರದವಳು ಅಂದು ಮುಂದಿನ ಸಾಲಿಗೆ ಬಂದಿದ್ದಳು. ಹೊಸ್ತಿಲು ಬಂತು. ಆಯಿ ಬಂದಳು. ಅವಳ ಬಾಯಿ ತೆರೆಯಿತು, ಒಂದು ಸಿನಿಮಾ ಹಾಡು ಧೋ ಎಂದು ಸುರಿಯಿತು.

"ನನ್ನ ಬಾಯಿ ಆಡಾಕತ್ತೈತಿ, ದನಿ ಎಲ್ಲಿ ಹೋತು?" ಎಂದಳು ಆಯಿ.

"ಮ್ಯಾಲ ಹಾಡು ಹಾಕ್ಯಾರ, ಆಯಿ," ಎಂದೆ.

"ಯಾರ ಹಾಡು?"

"ಸಿನಿಮಾದ್ದು."

"ನನ್ನ ಗಂಡನ ಹೆಸರಿನ ಮ್ಯಾಲ?"

ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡು, "ಹೋಗ್ಲಿ ಬಿಡವಾ, ಶುಭಕಾರ್ಯದ ಸಿಡಿ. ಆಗಿದ್ದು ಛೊಲೋನ ಆತು," ಎಂದ. ಆಯಿ ಎದ್ದು ಒಳಗೆ ಹೋದಳು. ಇಂಡಿಗೆ ಬಂದವಳೇ ಮೂಲ ಕ್ಯಾಸೆಟ್ ಹುಡುಕಿದೆ. ಅದರ ಮೇಲೆ ಆಗಲೇ ಝಳಕಿಯ ಯಾರೋ ಬಸುರಿಯ ಕುಬುಸದ ಕಾರ್ಯ ತುಂಬಿಬಿಟ್ಟಿದ್ದರು.

ಮುಂದಿನ ವರ್ಷ ನನ್ನ ತಮ್ಮನಿಗೆ ಮುದ್ದೇಬಿಹಾಳದ ಹೆಣ್ಣು ಗೊತ್ತಾಯಿತು. ಮತ್ತೆ ಅದೇ ಮನೆ, ಅದೇ ಹೊಸ್ತಿಲು. ಆಯಿಗೆ ಎಂಬತ್ತರ ಹತ್ತಿರ. ಇನ್ನೊಂದು ಮದುವೆ ಈ ಮನೆಯಲ್ಲಿ ಯಾವಾಗಲೋ, ಯಾರಿಗೆ ಗೊತ್ತು. ಅವಳ ಮುಂದೆ ಕೂತು ಕೇಳಿದೆ, "ಈ ಸಲನೂ ಹೇಳ್ತೀ ಇಲ್ಲೋ ಆಯಿ?"

"ಹೇಳ್ತೇನಿ. ಆದ್ರ ಆ ಜೋಡಸೂ ಕೆಲಸ ನೀ ಮಾಡಬೇಕು. ಇಲ್ಲೇ, ಈ ಪಡಸಾಲ್ಯಾಗ, ನನ್ನ ಕಣ್ಣೆದುರಿಗೆ. ಸೊಲ್ಲಾಪುರಕ್ಕ ಹೋಗೂದಿದ್ರ ನಾ ಬಾಯಿ ತಗಿಯಾಂಗಿಲ್ಲ."

"ನನಗ ಪೂರಾ ಬರೂದಿಲ್ಲಲಾ ಆಯಿ."

"ನಿನಗ ರೊಟ್ಟಿನೂ ಬರ್ತಿರಲಿಲ್ಲ."

ಕಲಿಯುವುದಕ್ಕೆ ದಾರಿ ಇತ್ತು. ನಮ್ಮವರು ಸೊಲ್ಲಾಪುರಕ್ಕೆ ಹೋದಾಗಲೆಲ್ಲ ಮಿಕ್ಸಿಂಗ್ ಮಾಡುವವನ ಬೆನ್ನ ಹಿಂದೆ ನಿಂತು ನೋಡಿ, ಹಾಳೆಯ ಮೇಲೆ ಬರೆದುಕೊಂಡು ಬಂದು ನನಗೆ ಕೊಡುತ್ತಿದ್ದರು. ಅಣ್ಣನ ಮುಂದೆ ದನಿ ಎತ್ತದ ಮನುಷ್ಯ ನನಗಾಗಿ ಮಾಡಿದ ಕಳ್ಳತನ ಅದು. ಸ್ಟುಡಿಯೊದ ಕಂಪ್ಯೂಟರಿನಲ್ಲಿ ಸಣ್ಣ ಸಣ್ಣ ತುಣುಕು ಜೋಡಿಸಿ ಕೈ ಪಳಗಿಸಿಕೊಂಡೆ. ಆದರೆ ಆ ಕಂಪ್ಯೂಟರನ್ನು ಗೊಳಸಂಗಿಗೆ ಹೊತ್ತೊಯ್ಯುವಂತಿರಲಿಲ್ಲ. ಲ್ಯಾಪ್‌ಟಾಪೇ ಬೇಕು.

ಭಾವನವರ ತಲೆಯಲ್ಲೂ ಲ್ಯಾಪ್‌ಟಾಪ್ ಇತ್ತು. ಆಗ ತಾನೆ ಅಂಗೈಯಗಲದ ಸಣ್ಣ ಲ್ಯಾಪ್‌ಟಾಪುಗಳು ಪೇಟೆಗೆ ಬಂದಿದ್ದವು. ಸೋವಿ, ಹಗುರ. ಸಿಂದಗಿಯ ಗಿರಾಕಿಗಳ ಮನೆಗೆ ಹೋಗಿ ಫೋಟೊ ತೋರಿಸಲಿಕ್ಕೆ ಅಂಥದೊಂದು ತರಬೇಕೆಂದು ಅವರು ನಿಶ್ಚಯಿಸಿದ್ದರು.

"ನಿನಗೂ ಅದೇ ಆಗ್ತದ ತಂಗಿ," ಎಂದರು. "ವ್ಯಾನಿಟಿ ಬ್ಯಾಗಿನ್ಯಾಗ ಹಿಡಸ್ತೈತಿ."

"ಬ್ಯಾಗಿನ್ಯಾಗ ಹಿಡಸ್ತೈತ್ರಿ ಭಾವಾರ, ಮದುವಿ ಅದರಾಗ ಹಿಡಸಬೇಕಲ್ರಿ."

"ಹೆಣ್ಮಕ್ಕಳಿಗೆ ದೊಡ್ಡದು ಯಾಕ? ಏನು ರಾಕೆಟ್ ಹಾರಸ್ತೀ?"

"ಒಡಪು ಕೂಡಿಸ್ತೇನ್ರಿ."

ಅವರ ಮುಖ ಗಂಭೀರವಾಯಿತು. ಆಯಿಯ ಒಡಪು ಸಿಡಿಯಲ್ಲಿ ಇಲ್ಲದೆ ಹೋದದ್ದು ಅವರಿಗೂ ಸಮಾಧಾನದ ಸಂಗತಿಯೇ ಆಗಿತ್ತು. ಕೆಟ್ಟ ಮನುಷ್ಯ ಅಲ್ಲ. ಗಿರಾಕಿ ಏನಂದಾರು, ನೆಂಟರು ಏನಂದಾರು ಎಂದು ದಿನವಿಡೀ ಲೆಕ್ಕ ಹಾಕಿ ಬದುಕಿದವರು. "ಅದೆಲ್ಲಾ ಮದುವಿ ಸಿಡಿಯೊಳಗ ಚಂದ ಕಾಣಂಗಿಲ್ಲ, ತಂಗಿ," ಎಂದು ಮೆಲ್ಲಗೆ ಹೇಳಿದರು.

"ಕಾಣೂದು ಬ್ಯಾಡ್ರಿ, ಕೇಳಿದ್ರ ಸಾಕು."

ಎರಡು ವರ್ಷ ಆಲ್ಬಮ್ ಹೊಂದಿಸಿದ್ದಕ್ಕೆ ನಾನು ಕೂಲಿ ಕೇಳಿರಲಿಲ್ಲ. ಈಗ ಕೇಳಿದೆ. ರೊಕ್ಕ ಬೇಡ, ಯಂತ್ರ ನಾನು ಆರಿಸಿದ್ದೇ ಆಗಬೇಕು ಎಂದೆ.

ಮೂವರೂ ವಿಜಾಪುರಕ್ಕೆ ಹೋದೆವು. ಅಂಗಡಿಯವರು ಎರಡನ್ನೂ ಗಾಜಿನ ಮೇಜಿನ ಮೇಲೆ ತೆರೆದಿಟ್ಟರು. ಒಂದು ಕಂಪಾಸಪೆಟ್ಟಿಗೆಯ ಅಣ್ಣನ ಹಾಗೆ ಮುದ್ದಾಗಿತ್ತು. ಇನ್ನೊಂದು ಕರಿಯ ಹಲಗೆ, ಬೆನ್ನ ತುಂಬ ಗಾಳಿ ಉಗುಳುವ ಕಿಂಡಿ. ಸಣ್ಣದು ಪೂರಾ ಮಧ್ಯಾಹ್ನ ಬ್ಯಾಟರಿಯಲ್ಲಿ ನಡೆಯುತ್ತದಂತೆ, ದೊಡ್ಡದು ತಾಸು, ಹೆಚ್ಚೆಂದರೆ ಒಂದೂವರೆ ತಾಸು.

"ಕೇಳಿದೆಲಾ?" ಎಂದರು ಭಾವನವರು. "ನಿಮ್ಮ ಗೊಳಸಂಗ್ಯಾಗ ಕರೆಂಟ್ ಎಷ್ಟು ಹೊತ್ತು ಇರ್ತೈತಿ?"

ನಾನು ಸೆರಗಿನ ಗಂಟಿನಿಂದ ಪೆನ್‌ಡ್ರೈವ್ ಬಿಚ್ಚಿದೆ. ಸಿಂದಗಿಯ ಒಂದು ಮದುವೆಯ ಹತ್ತು ನಿಮಿಷದ ತುಣುಕು ಅದರಲ್ಲಿತ್ತು. "ಇದನ್ನ ಎರಡರಾಗೂ ಹಚ್ಚಿ ತೋರಸ್ರಿ," ಎಂದೆ.

"ಅಕ್ಕಾರ, ಎರಡೂ ಹೊಸಾ ಮಾಲ್ ಅದಾವ್ರಿ..."

"ಕಲ್ಲಂಗಡಿ ತಗೊಳ್ಳುವಾಗ ತಟ್ಟಿ ನೋಡ್ತೇವ್ರಿ. ಇದಕ್ಕೇನು?"

ಸಣ್ಣದರಲ್ಲಿ ಹಚ್ಚಿದರು. ಮದುಮಗಳು ಮದುಮಗನ ಬಾಯಿಗೆ ಲಾಡು ಇಡಲು ಕೈ ಎತ್ತಿದಳು, ಅವನು ಬಾಯಿ ತೆರೆದ, ಅಷ್ಟೇ. ಚಿತ್ರ ಅಲ್ಲೇ ನಿಂತಿತು. ದನಿ ಮಾತ್ರ ಮುಂದೆ ಓಡುತ್ತಿತ್ತು. ಚಪ್ಪಾಳೆ, ನಗೆ, ಯಾರೋ "ಇನ್ನೊಂದ್ ಹಾಕು" ಎನ್ನುವುದು. ಲಾಡು ಬಾಯಿಗೆ ಗೇಣು ದೂರದಲ್ಲಿ ಹಾಗೇ ನಿಂತುಬಿಟ್ಟಿತ್ತು.

ಅಂಗಡಿಯ ಮಂದಿ ನಕ್ಕರು. ನನಗೆ ನಗು ಬರಲಿಲ್ಲ. ಬಾಯಿ ಒಂದು ಕಡೆ, ದನಿ ಒಂದು ಕಡೆ ಆದದ್ದನ್ನು ನಾನು ಆಗಲೇ ಒಮ್ಮೆ ನೋಡಿದ್ದೆ.

ದೊಡ್ಡದರಲ್ಲಿ ಹಚ್ಚಿದರು. ಲಾಡು ಬಾಯಿಗೆ ಹೋಯಿತು, ಚಪ್ಪಾಳೆ ಆಮೇಲೆ ಬಂತು.

"ಭಾರ ಐತಿ ತಂಗಿ, ಎತ್ತಿ ನೋಡು," ಎಂದರು ಭಾವನವರು, ಕೊನೆಯ ಸಲ.

"ಗಿರಣಿಗೆ ಜ್ವಾಳದ ಚೀಲ ಹೊತ್ತೇನ್ರಿ. ಆಗ ಭಾರ ಐತಿ ಅಂತ ಯಾರೂ ನೆನಪು ಮಾಡಿಕೊಡಲಿಲ್ಲ."

ನಮ್ಮವರು ಅಂಗಡಿಯವರ ಕಡೆ ತಿರುಗಿ, "ದೊಡ್ಡದನ್ನ ಕಟ್ರಿ," ಎಂದರು. ಭಾವನವರು ತಮ್ಮನನ್ನು ಹೊಸಬನನ್ನು ನೋಡುವ ಹಾಗೆ ನೋಡಿದರು.

ತಮ್ಮನ ಮದುವೆಯಾಯಿತು. ಮುದ್ದೇಬಿಹಾಳದ ಸೊಸೆ ಹೊಸ್ತಿಲಲ್ಲಿ ನಾಚಿ ನಾಚಿ ಒಡಪು ಹೇಳಿದಳು. ಆಮೇಲೆ ಆಯಿ ಬಂದಳು. ಈ ಸಲ ಯಾರಿಗೂ 'ಸರೀರಿ ಅತ್ತಾಗ' ಎನ್ನಬೇಕಾಗಲಿಲ್ಲ, ದಾರಿ ತಾನೇ ಬಿಟ್ಟಿತು. ಹೇಳಿ ಮುಗಿಸಿ, ಕ್ಯಾಮೆರಾ ಹಿಡಿದ ನಮ್ಮವರನ್ನು ನೋಡಿ, "ಬಿತ್ತೇನಪಾ ಒಳಗ?" ಎಂದಳು. "ಬಿತ್ರಿ ಆಯಿ," ಎಂದರು ಅವರು.

ವಾರದ ಮೇಲೆ ಕರಿಯ ಹಲಗೆಯನ್ನು ಬೆನ್ನಿಗೆ ಹಾಕಿಕೊಂಡು ಗೊಳಸಂಗಿಗೆ ಹೊರಟೆ. ವಿಜಾಪುರದಲ್ಲಿ ಬಸ್ಸು ಬದಲಿಸಿದೆ, ಮನಗೂಳಿಯವರೆಗೆ ನಿಂತೇ ಹೋದೆ. ಪಟ್ಟಿ ಭುಜ ಕೊಯ್ಯುತ್ತಿತ್ತು. ಕಂಡಕ್ಟರ್ "ಏನೈತಿ ಅಕ್ಕಾ ಅದರಾಗ, ಹಾಸಗಲ್ಲೇನು?" ಎಂದ. ಕೆಳಗಿಡು ಎಂದರೂ ಇಡಲಿಲ್ಲ.

ಪಡಸಾಲೆಯಲ್ಲಿ ಮೂರು ದಿನ ಕೂತೆ. ಆಯಿ ಪಕ್ಕದಲ್ಲಿ ಅವರೆಕಾಳು ಬಿಡಿಸುತ್ತ ಕಾವಲು. ಯಂತ್ರ ಬಿಸಿಯಾಗಿ ಗಾಳಿ ಬಿಟ್ಟಾಗಲೆಲ್ಲ, "ದಣದೈತಿ, ತುಸು ಬಿಡು ಅದನ್ನ," ಎನ್ನುತ್ತಿದ್ದಳು. ಚಿಕ್ಕಪ್ಪ ಹಾಯ್ದುಹೋಗುವಾಗ, "ಅಲ್ಲೊಂದು ಹಾಡು ಹಾಕು, ಬರೀ ಗದ್ದಲ ಕೇಳ್ತೈತಿ," ಎಂದ. "ಆ ಗದ್ದಲಾನ ಮದುವಿ, ಕಾಕಾ," ಎಂದೆ. ಹಾಕಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಹೊಸ್ತಿಲಿನ ಭಾಗ ಜೋಡಿಸುವಾಗ ಕರೆಂಟ್ ಹೋಯಿತು. ಅದೇ ಹೊತ್ತಿಗೆ ಮುದ್ದೇಬಿಹಾಳದ ಯಾವುದೋ ಕೆಲಸ ಮುಗಿಸಿ ವಾಪಸ್ ಹೊರಟಿದ್ದ ಭಾವನವರು ಒಳಗೆ ಬಂದರು. ಅವರು ಚಹಾ ಕುಡಿಯುತ್ತಿದ್ದಂತೆ ನಾನು ಬ್ಯಾಟರಿಯ ಗುರುತು ನೋಡುತ್ತ ಕೆಲಸ ಮುಗಿಸಿ, ಸೇವ್ ಮಾಡಿ, ಆಯಿಯ ಕಡೆ ಪರದೆ ತಿರುಗಿಸಿ ಹಚ್ಚಿದೆ.

ಆಯಿ ತನ್ನನ್ನು ನೋಡಿದಳು. ಬಾಯಿ ತೆರೆಯಿತು, ದನಿ ಬಂತು. 'ಬಳಿ' ಬಂತು, ಅಜ್ಜನ ಹೆಸರು ಬಂತು, 'ಕೇಳಿ' ಬಂತು. ಅವಳ ಕೈಯಲ್ಲಿದ್ದ ಅವರೆಕಾಯಿ ಮೊರಕ್ಕೆ ಬಿತ್ತು.

"ಇನ್ನೊಮ್ಮೆ ಹಚ್ಚು."

ಹಚ್ಚಿದೆ.

"ಇನ್ನೊಮ್ಮೆ."

ಮೂರನೆಯ ಸಲ ಅವಳು ಬಾಯಿ ತೆರೆಯುವಷ್ಟರಲ್ಲಿ ಪರದೆ ಕಪ್ಪಾಯಿತು.

"ನೋಡಿದಿ?" ಎಂದರು ಭಾವನವರು. ಎಷ್ಟು ದಿನದಿಂದ ಹಿಡಿದಿಟ್ಟುಕೊಂಡಿದ್ದರೋ. "ಅದಕ್ಕ ನಾ ಹೇಳಿದ್ದು. ಸಣ್ಣದು ಇದ್ದಿದ್ರ ಸಂಜಿತನಕ ನಡೀತಿತ್ತು."

ನಾನು ಉತ್ತರ ಹುಡುಕುವ ಮೊದಲೇ ಆಯಿ ತಿರುಗಿದಳು. "ಸಣ್ಣದು ಸಂಜಿತನಕ ಬಾಯಿ ತಕ್ಕೊಂಡು ಕುಂದರ್ತಿತ್ತಂತಲ್ಲೋ ಯಪ್ಪಾ, ನಮ್ಮ ಹುಡುಗಿ ಹೇಳ್ಯಾಳ. ಇದು ದಣದು ಮಲಗೇತಿ. ಮಲಗಿದ್ರ ಮಲಗ್ಲಿ, ನಾ ಎಚ್ಚರ ಅದೇನಿ."

ಹಾಗೆಂದು ಮೊರ ಪಕ್ಕಕ್ಕೆ ಸರಿಸಿ, ಗೋಡೆ ಹಿಡಿದು ಎದ್ದು ನಿಂತಳು. ಮದುವೆ ಇರಲಿಲ್ಲ, ಹೊಸ ಸೊಸೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಬಾಗಿಲಿಗೆ ಯಾರೂ ಅಡ್ಡ ನಿಂತಿರಲಿಲ್ಲ. ಬರಿಗೈಯನ್ನು ಭಾವನವರ ಮುಂದೆ ಚಾಚಿ, ಅದೇ ಎರಡು ಸಾಲನ್ನು ಪೂರಾ ಹೇಳಿದಳು, ಹೆಸರಿನ ಸಮೇತ.

ಭಾವನವರು ಚಹಾದ ಬಟ್ಟಲು ಕೆಳಗಿಟ್ಟರು. "ಕೇಳಿದೆ ರೀ ಆಯಿ," ಎಂದರು.

"ಹಾಂ," ಎಂದಳು ಆಯಿ. ಕೂತು, ಮೊರ ಎಳೆದುಕೊಂಡು ಅವರೆಕಾಯಿ ಬಿಡಿಸತೊಡಗಿದಳು. ಕರೆಂಟ್ ಬರಲೆಂದು ನಾನು ಯಂತ್ರವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಅದು ಇನ್ನೂ ಬಿಸಿಯಾಗಿತ್ತು.